ನೂರೈವತ್ತರ ಕಲ್ಲು

ಲಿಫ್ಟಿಗೆ ಹುಟ್ಟಿನಿಂದ ತೂಕ ಗೊತ್ತಿರುವುದಿಲ್ಲ. ಯಾರಾದರೂ ಕಲಿಸಬೇಕು. ಹೊಸ ಲಿಫ್ಟು ಕೂರಿಸಿದಾಗ, ಇಲ್ಲವೇ ಹಳೆಯದಕ್ಕೆ ಹೊಸ ಉಕ್ಕಿನ ಹಗ್ಗ ಹಾಕಿದಾಗ, ಮೆಕ್ಯಾನಿಕ್ ಆದವನು ಮೊದಲು ಖಾಲಿ ಪೆಟ್ಟಿಗೆಯನ್ನು ತೋರಿಸಿ ‘ಇದು ಸೊನ್ನೆ’ ಎನ್ನಬೇಕು. ಆಮೇಲೆ ಗೊತ್ತಿರುವ ಭಾರವನ್ನು ಒಳಗಿಟ್ಟು, ಎಷ್ಟು ಕಿಲೋ ಎಂದು ಗುಂಡಿ ಒತ್ತಿ ತಿಳಿಸಬೇಕು. ಆ ಒಂದು ಪಾಠದ ಮೇಲೆಯೇ ಲಿಫ್ಟು ಮುಂದೆ ಎಲ್ಲರ ಲೆಕ್ಕ ಹಾಕುತ್ತದೆ. ಹತ್ತು ಜನ ಹತ್ತಿದರೆ ಸುಮ್ಮನಿರುತ್ತದೆ, ಹನ್ನೊಂದನೆಯವರು ಕಾಲಿಟ್ಟರೆ ಗಂಟೆ ಹೊಡೆದು, ಬಾಗಿಲು ಮುಚ್ಚದೆ ಹಟ ಹಿಡಿಯುತ್ತದೆ.

ಈ ಪಾಠಕ್ಕೆಂದೇ ಕಂಪನಿಯ ಗೋಡೌನಿನಲ್ಲಿ ಇಪ್ಪತ್ತು ಕಿಲೋದ ಕಲ್ಲುಗಳಿವೆ. ಕಲ್ಲು ಎನ್ನುವುದು ತಕ್ಕಡಿಯ ಕಾಲದ ಮಾತು. ನೋಡಲು ಅವು ಹಿಡಿಕೆ ಇರುವ ಕಬ್ಬಿಣದ ಇಟ್ಟಿಗೆಗಳು. ಅವನ್ನು ಗೋಡೌನಿನಿಂದ ವ್ಯಾನಿಗೆ, ವ್ಯಾನಿನಿಂದ ಲಿಫ್ಟಿಗೆ, ಕೆಲಸ ಮುಗಿದ ಮೇಲೆ ಮತ್ತೆ ವ್ಯಾನಿಗೆ ಹೊರುವಷ್ಟರಲ್ಲಿ ಎಂಥ ಗಟ್ಟಿಗನಿಗೂ ಸೊಂಟ ಎಲ್ಲಿದೆ ಎಂದು ಗೊತ್ತಾಗುತ್ತದೆ. ನಮ್ಮ ಕಥೆಯ ಮನುಷ್ಯ ಈ ತಲೆನೋವಿಗೆ ಹನ್ನೆರಡು ವರ್ಷ ಹಿಂದೆಯೇ ಮದ್ದು ಕಂಡುಹಿಡಿದಿದ್ದ. ಕಲ್ಲುಗಳನ್ನು ಗೋಡೌನಿನಲ್ಲೇ ಬಿಟ್ಟು, ತಾನೇ ಹೋಗಿ ಲಿಫ್ಟಿನ ನಡುವೆ ನಿಂತುಬಿಡುತ್ತಿದ್ದ. ಅವನ ತೂಕ ನೂರೈವತ್ತು ಕಿಲೋ.

ಮೊದಮೊದಲು ಗೋಡೌನಿನ ತಕ್ಕಡಿ ಹತ್ತಿ ಖಚಿತ ಮಾಡಿಕೊಳ್ಳುತ್ತಿದ್ದ. ಪ್ರತಿ ಸಲವೂ ಮುಳ್ಳು ನೂರೈವತ್ತರ ಮೇಲೆ, ಹೆಚ್ಚೆಂದರೆ ಅದರ ಪಕ್ಕದ ಗೆರೆಯ ಮೇಲೆ ಬಂದು ನಿಲ್ಲುತ್ತಿತ್ತು. ಬರಬರುತ್ತಾ ತಕ್ಕಡಿಗಿಂತ ಇವನ ಮೇಲೇ ಎಲ್ಲರಿಗೂ ನಂಬಿಕೆ ಹೆಚ್ಚಾಯಿತು. ಅವನ ಜೊತೆ ಕೆಲಸ ಮಾಡುವ ವಯರ್‌ಮನ್, ವಯಸ್ಸಿನಲ್ಲಿ ಆರು ವರ್ಷ ದೊಡ್ಡವನು, ಬಾಯಿಗೆ ಬೀಗವಿಲ್ಲದ ಮನುಷ್ಯ, ಅವನಿಗೆ ‘ಕಲ್ಲಣ್ಣ’ ಎಂದು ಹೆಸರಿಟ್ಟ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿಯಿತು.

ಕಲ್ಲಣ್ಣ ಇದಕ್ಕೆಲ್ಲ ನಗುತ್ತಿದ್ದ. ದಪ್ಪಗಿರುವವರು ಬೇರೆಯವರು ನಗುವ ಮುಂಚೆ ತಾವೇ ನಕ್ಕು ಆ ಕೆಲಸ ಮುಗಿಸಿಬಿಡುತ್ತಾರೆ. ಆಗ ನೋವು ಸ್ವಲ್ಪ ಕಡಿಮೆ. ಆದರೆ ನಗುವಿಗೂ ಒಂದು ಮಿತಿ ಇದೆ. ರಕ್ತದಲ್ಲಿ ಸಕ್ಕರೆ ಏರಿತು, ಮಂಡಿ ಸವೆಯಿತು, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರತೊಡಗಿತು. ಎಲ್ಲಕ್ಕಿಂತ ಅವನನ್ನು ಕೊರೆದದ್ದು ಬೇರೆ. ಲಿಫ್ಟಿನ ಪೆಟ್ಟಿಗೆಯ ನೆತ್ತಿಯ ಮೇಲೆ ನಿಂತು, ಕತ್ತಲ ಬಾವಿಯೊಳಗೆ ಮೇಲೆ ಕೆಳಗೆ ಹೋಗುತ್ತ ಮಾಡುವ ಕೆಲಸ ಈ ಕಸುಬಿನ ಕಿರೀಟ. ಆ ನೆತ್ತಿಯ ಮೇಲೆ ಕಲ್ಲಣ್ಣ ಒಂಬತ್ತು ವರ್ಷದಿಂದ ಕಾಲಿಟ್ಟಿರಲಿಲ್ಲ. ಅಲ್ಲಿ ಅವನಿಗೆ ಜಾಗ ಸಾಲುತ್ತಿರಲಿಲ್ಲ. ಕೆಳಗೆ ಕುರ್ಚಿ ಹಾಕಿಕೊಂಡು, ಸದ್ದು ಕೇಳಿ, ‘ನಾಲ್ಕನೇ ಮಹಡಿ ಹತ್ರ ಎಡಗಡೆ ಬೋಲ್ಟು ಸಡಿಲ ಆಗಿದೆ ನೋಡು’ ಎಂದು ಹೇಳಿ ಕಳಿಸುತ್ತಿದ್ದ. ಹೇಳಿದ್ದು ಯಾವತ್ತೂ ತಪ್ಪುತ್ತಿರಲಿಲ್ಲ, ಆದರೆ ಕೇಳಿಸಿಕೊಳ್ಳುವುದಕ್ಕೂ ನೋಡುವುದಕ್ಕೂ ವ್ಯತ್ಯಾಸ ಇಲ್ಲವೇ?

ಕೊನೆಗೆ ನಲವತ್ತೆಂಟನೇ ವಯಸ್ಸಿನಲ್ಲಿ ತೂಕ ಇಳಿಸಲು ಹೊಟ್ಟೆಯ ಆಪರೇಷನ್ ಮಾಡಿಸಿಕೊಳ್ಳಲು ಒಪ್ಪಿದ. ಸುದ್ದಿ ಕೇಳಿದ ನೆಂಟರೆಲ್ಲ ಒಬ್ಬರಾದ ಮೇಲೆ ಒಬ್ಬರು ಬಂದು ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂದು ಗಾದೆ ಹೇಳಿ, ಕೊಟ್ಟ ತಿಂಡಿ ಖಾಲಿ ಮಾಡಿ ಹೋದರು. ಇಂಥವರಿಗೆ ಗಾದೆ ಹೇಳುವುದಕ್ಕೆ ಕಾಸು ಖರ್ಚಿಲ್ಲ. ಅವನು ಎಷ್ಟು ಸಲ ಉಪವಾಸ ಬಿದ್ದಿದ್ದ, ನೂರೈವತ್ತು ಮುಟ್ಟುವ ಮುಂಚೆ ಎಷ್ಟು ಸಲ ಹತ್ತು ಇಳಿದು ಹನ್ನೆರಡು ಏರಿದ್ದ ಎಂಬುದು ಅವನ ಹೆಂಡತಿಗೆ ಗೊತ್ತು. ಅವಳು ಮನೆಯಲ್ಲೇ ಮೆಷಿನ್ ಇಟ್ಟುಕೊಂಡು ಶಾಲೆ ಮಕ್ಕಳ ಯೂನಿಫಾರಂ ಹೊಲಿಯುವವಳು. ನೆಂಟರ ಮುಂದೆ ಮೆಷಿನ್ ತುಳಿಯುತ್ತಿದ್ದಳು, ಸ್ವಲ್ಪ ಜೋರಾಗಿಯೇ.

ಡಾಕ್ಟರಮ್ಮ ಕಾಗದದ ಮೇಲೆ ಜಠರದ ಚಿತ್ರ ಬರೆದು, ಉದ್ದಕ್ಕೆ ಒಂದು ಗೆರೆ ಎಳೆದು, ಯಾವ ಭಾಗ ಹೋಗುತ್ತದೆ, ಯಾವುದು ಉಳಿಯುತ್ತದೆ ಎಂದು ತೋರಿಸಿದ್ದರು. ಉಳಿಯುವುದು ಒಂದು ಬಾಳೆಹಣ್ಣಿನ ಗಾತ್ರ. ಆಪರೇಷನ್ ಆಗಿ ಮನೆಗೆ ಬಂದ ದಿನ ಹೆಂಡತಿ ಔಷಧಿ ಅಳೆಯುವ ಪುಟ್ಟ ಲೋಟದಲ್ಲಿ ಸೋಸಿದ ಸೂಪು ತಂದಿಟ್ಟಳು. ಒಂದೊಂದು ಗುಟುಕಿನ ನಡುವೆ ಗಡಿಯಾರ ನೋಡಬೇಕು. ಎರಡನೇ ಲೋಟ ಅರ್ಧ ಆಗುವಷ್ಟರಲ್ಲಿ ಎದೆಯ ಕೆಳಗೆ ಏನೋ ಮೆತ್ತಗೆ ಬಾಗಿಲು ಮುಚ್ಚಿದಂತಾಯಿತು. ಕಲ್ಲಣ್ಣ ಲೋಟ ಕೆಳಗಿಟ್ಟು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತುಬಿಟ್ಟ. ಹೆಂಡತಿ ಗಾಬರಿಯಾಗಿ, ‘ಏನ್ರೀ, ನೋವಾ?’ ಎಂದಳು. ‘ಇಲ್ಲ ಕಣೇ. ಸಾಕು ಅಂತಿದೆ,’ ಎಂದ. ಹುಟ್ಟಿದಾಗಿನಿಂದ ಅವನ ಹೊಟ್ಟೆ ಅವನಿಗೆ ಸಾಕು ಎಂದು ಹೇಳಿದ್ದು ಅದೇ ಮೊದಲು. ಬೇರೆಯವರೆಲ್ಲ ದಿನಕ್ಕೆ ಮೂರು ಹೊತ್ತು ಈ ಮಾತು ಕೇಳಿಸಿಕೊಂಡೇ ಬದುಕಿದ್ದರೇ ಎಂದು ಅವನಿಗೆ ಬೆರಗಾಯಿತು.

ಹಾಗೆಂದು ಮುಂದಿನ ದಾರಿಯೇನೂ ಹೂವಿನ ಹಾಸಿಗೆ ಆಗಿರಲಿಲ್ಲ. ಎರಡು ವಾರ ಬರೀ ನೀರುನೀರು, ಆಮೇಲೆ ಮೆದು ಊಟ, ಆಮೇಲೆ ಮಗುವಿನ ಚಮಚದಲ್ಲಿ ಮೊಟ್ಟೆ. ಊಟದ ಜೊತೆ ನೀರಿಲ್ಲ. ದಿನಾ ಮಾತ್ರೆ, ದಿನಾ ನಡಿಗೆ. ನಾಲ್ಕನೇ ತಿಂಗಳು ತಲೆಗೂದಲು ಬಾಚಣಿಗೆಯಲ್ಲಿ ಬಂತು. ಮೂರು ವಾರ ತೂಕ ಒಂದು ಗುಲಗಂಜಿಯೂ ಇಳಿಯದೆ ನಿಂತಿತು. ಒಂದು ದಿನ ಆಫೀಸಿನಲ್ಲಿ ಯಾರದೋ ಹುಟ್ಟುಹಬ್ಬದ ಕೇಕನ್ನು ಎರಡು ತುತ್ತು ಅವಸರದಲ್ಲಿ ನುಂಗಿ, ಮೈಯೆಲ್ಲ ಬೆವರಿ, ಎದೆ ಡವಗುಟ್ಟಿ, ಅರ್ಧ ಗಂಟೆ ಗೋಡೌನಿನ ನೆಲದ ಮೇಲೆ ಕಬ್ಬಿಣದ ಕಲ್ಲುಗಳ ಪಕ್ಕ ಮಲಗಿದ್ದ. ‘ಈಗ ಸರಿಯಾದ ಜಾಗಕ್ಕೆ ಬಂದೆ ನೋಡು’ ಎಂದು ವಯರ್‌ಮನ್ ಗಾಳಿ ಬೀಸಿದ.

ಆದರೆ ಬೆರಗು ಮಾತ್ರ ಬಿಡಲಿಲ್ಲ. ಒಂದು ಬೆಳಿಗ್ಗೆ ಗಡ್ಡ ಹೆರೆಯುತ್ತಿದ್ದಾಗ ಕುತ್ತಿಗೆಯ ಬುಡದಲ್ಲಿ ಗಟ್ಟಿಯಾಗಿ ಏನೋ ಕೈಗೆ ಸಿಕ್ಕಿತು. ಇನ್ನೊಂದು ಕಡೆಯೂ ಇತ್ತು. ಗಂಟು ಎದ್ದಿದೆ ಎಂದು ಹೆದರಿ, ಅರ್ಧ ಮುಖಕ್ಕೆ ಸೋಪು ಇದ್ದಂತೆಯೇ ಹೆಂಡತಿಯ ಹತ್ತಿರ ಓಡಿದ. ಅವಳು ಮುಟ್ಟಿ ನೋಡಿ, ‘ರೀ, ಅದು ಕೊರಳಿನ ಮೂಳೆ. ನನಗೂ ಇದೆ, ನೋಡಿ,’ ಎಂದಳು. ಆಮೇಲೆ ಇಬ್ಬರೂ ಮೆಷಿನ್ನಿನ ಮೇಲೆ ಬಿದ್ದು ನಕ್ಕರು. ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ಗಂಡನ ಕೊರಳಿನ ಮೂಳೆಯನ್ನು ಅವಳು ಅದೇ ಮೊದಲ ಸಲ ನೋಡುತ್ತಿದ್ದಳು. ಪ್ಯಾಂಟನ್ನು ಮೂರು ಸಲ ಒಳಗೆ ಹಿಡಿದು ಹೊಲಿದುಕೊಟ್ಟವಳು ನಾಲ್ಕನೇ ಸಲ, ‘ಮೊದಲು ನೀವು ಎಲ್ಲಾದರೂ ಒಂದು ಕಡೆ ನಿಲ್ಲಿ, ಆಮೇಲೆ ಹೊಲೀತೀನಿ,’ ಎಂದು ಕೈಚೆಲ್ಲಿದಳು.

ದೇಹ ಕರಗಿದಷ್ಟು ಬೇಗ ಅಭ್ಯಾಸ ಕರಗಲಿಲ್ಲ. ಅಗಲವಾದ ಬಾಗಿಲಿನಲ್ಲೂ ಅಡ್ಡಡ್ಡ ತಿರುಗಿ ಹೋಗುತ್ತಿದ್ದ. ಕುರ್ಚಿ ಕಂಡರೆ ಮೊದಲು ಕೈಯಿಂದ ಅದುಮಿ ನೋಡುತ್ತಿದ್ದ. ಬಸ್ಸಿನಲ್ಲಿ ಪಕ್ಕದವರಿಗೆ ಜಾಗ ಬಿಡಲು ಕಿಟಕಿಗೆ ಅಂಟಿಕೊಂಡು ಕೂತರೆ, ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಉಳಿಯುತ್ತಿತ್ತು. ಡಾಕ್ಟರಮ್ಮನಿಗೆ ಹೇಳಿದಾಗ ಅವರು, ‘ಮೈಗೆ ಆಗಿದ್ದು ತಲೆಗೆ ಗೊತ್ತಾಗೋಕೆ ಇನ್ನೂ ಸ್ವಲ್ಪ ದಿನ ಬೇಕು. ಅವಸರ ಮಾಡಬೇಡಿ,’ ಎಂದರು.

ಆರನೇ ತಿಂಗಳಿಗೆ ಅವನು ನೂರ ನಾಲ್ಕು ಕಿಲೋ ಇದ್ದ. ಆಗ ಬಂತು ಹನ್ನೆರಡು ಮಹಡಿಯ ಕಟ್ಟಡದ ಕೆಲಸ. ಆಪರೇಷನ್ ಆದ ಮೇಲೆ ಅವನಿಗೆ ಬಂದ ಮೊದಲ ಹಗ್ಗದ ಕೆಲಸ ಅದು, ಹಳೆಯದು ತೆಗೆದು ಹೊಸದು ಹಾಕಬೇಕಿತ್ತು. ವಯರ್‌ಮನ್ ಹೊಸ ಹಗ್ಗ ಹಾಕಿ ಮುಗಿಸಿ, ಪರೀಕ್ಷೆಗೆಂದು ನೆತ್ತಿಗೆ ಹತ್ತಲು ಹೊರಟಾಗ ಕಲ್ಲಣ್ಣ ಅವನ ಭುಜ ಹಿಡಿದು ನಿಲ್ಲಿಸಿ, ‘ಇವತ್ತು ನಾನು ಹೋಗ್ಲಾ?’ ಎಂದು ಕೇಳಿದ. ಇಪ್ಪತ್ತಾರು ವರ್ಷ ಸರ್ವೀಸಿನ ಹಿರಿಯ ಮೆಕ್ಯಾನಿಕ್ ಹೊಸಬನ ಹಾಗೆ ಕೇಳಿದ್ದಕ್ಕೆ ವಯರ್‌ಮನ್‌ಗೆ ತಮಾಷೆ ಮಾಡಲು ಬಾಯಿ ಬರಲಿಲ್ಲ. ತನ್ನ ಸುರಕ್ಷಾ ಬೆಲ್ಟು ಬಿಚ್ಚಿ, ಅವನ ಸೊಂಟಕ್ಕೆ ತಾನೇ ಕಟ್ಟಿದ. ಬೆಲ್ಟಿನಲ್ಲಿ ಇನ್ನೂ ಎರಡು ತೂತು ಉಳಿದವು.

ನೆತ್ತಿಯ ಮೇಲೆ ನಿಂತು ಗುಂಡಿ ಒತ್ತಿದಾಗ ಪೆಟ್ಟಿಗೆ ನಿಧಾನವಾಗಿ ಮೇಲೇರಿತು. ಒಂಬತ್ತು ವರ್ಷ ಕಿವಿಯಿಂದ ಮಾತ್ರ ತಿಳಿದಿದ್ದ ಲೋಕ ಕಣ್ಣಿನ ಮುಂದೆ ಇಳಿಯತೊಡಗಿತು. ಎಣ್ಣೆ ಹಚ್ಚಿದ ಕಂಬಿಗಳು ಟಾರ್ಚಿನ ಬೆಳಕಿಗೆ ಹೊಳೆದವು. ಪ್ರತಿ ಮಹಡಿಯ ಬಾಗಿಲಿನ ಬೆನ್ನು ಎದುರಿಗೆ ಬಂದು, ಅದರ ಹಿಂದಿನ ಬದುಕಿನ ಸದ್ದು ಕೇಳಿ, ಕೆಳಗೆ ಸರಿಯುತ್ತಿತ್ತು. ಮೂರನೆಯದರಲ್ಲಿ ಯಾರೋ ಮಗ್ಗಿ ಒಪ್ಪಿಸುತ್ತಿದ್ದರು, ಏಳರಲ್ಲಿ ಗಂಡ ಹೆಂಡತಿ ಟಿವಿ ರಿಮೋಟಿಗೆ ಜಗಳವಾಡುತ್ತಿದ್ದರು. ತಲೆ ಎತ್ತಿದರೆ ಹೊಸ ಹಗ್ಗಗಳು ಕತ್ತಲೊಳಗೆ ನೇರವಾಗಿ ಹೋಗಿ ಮಾಯವಾಗುತ್ತಿದ್ದವು. ಕಲ್ಲಣ್ಣನಿಗೆ ಕಣ್ಣು ತುಂಬಿ ಬಂತು. ಇದನ್ನೆಲ್ಲ ಕಳೆದುಕೊಂಡೆ ಎಂದು ಅವನು ಯಾವಾಗಲೋ ಮನಸ್ಸು ಗಟ್ಟಿ ಮಾಡಿಕೊಂಡಿದ್ದ. ಹನ್ನೆರಡನೇ ಮಹಡಿಯಲ್ಲಿ ಗೋಡೆಗೆ ಕೈಯಿಟ್ಟು, ಒಂದೊಂದು ಬೋಲ್ಟನ್ನೂ ಬೆರಳಿನಿಂದ ಮುಟ್ಟಿ ನೋಡಿದ.

ಆ ಸಂತೋಷದಲ್ಲೇ ಎಡವಟ್ಟಾಯಿತು. ಕೆಳಗಿಳಿದು ಬಂದವನು, ಹನ್ನೆರಡು ವರ್ಷದಿಂದ ಮಾಡಿದ ಹಾಗೆಯೇ, ಲಿಫ್ಟಿನ ನಡುವೆ ಹೋಗಿ ನಿಂತ. ವಯರ್‌ಮನ್ ಮೇಲಿನ ಯಂತ್ರದ ಕೋಣೆಯಿಂದ ಫೋನಿನಲ್ಲಿ ‘ರೆಡಿನಾ?’ ಎಂದು ಕೇಳಿದ. ‘ರೆಡಿ. ನೂರೈವತ್ತು ಒತ್ತು,’ ಎಂದ ಕಲ್ಲಣ್ಣ. ವಯರ್‌ಮನ್ ಒತ್ತಿದ. ಬೆಳಿಗ್ಗೆ ತಾನೇ ಬೆಲ್ಟಿನ ತೂತು ಎಣಿಸಿದವನಿಗೂ ಹೊಳೆಯಲಿಲ್ಲ, ಬೆಲ್ಟು ಕಟ್ಟಿಸಿಕೊಂಡವನಿಗೂ ಹೊಳೆಯಲಿಲ್ಲ. ಪಾಪ, ಲಿಫ್ಟು ಹೇಳಿಕೊಟ್ಟದ್ದನ್ನು ಕಲಿಯಿತು. ಆವತ್ತಿನಿಂದ ಅದರ ಲೆಕ್ಕದಲ್ಲಿ ನೂರ ನಾಲ್ಕು ಕಿಲೋ ಎಂದರೆ ನೂರೈವತ್ತು.

ಇದರಿಂದ ಅಪಾಯವೇನೂ ಇರಲಿಲ್ಲ. ಗಂಟೆ ತಡವಾಗಿ ಹೊಡೆದರೆ ಅಪಾಯ. ಇದು ಬೇಗ ಹೊಡೆಯತೊಡಗಿತು. ಹತ್ತು ಜನರ ಲಿಫ್ಟು ಏಳನೆಯವರಿಗೇ ಹಟ ಹಿಡಿಯುತ್ತಿತ್ತು. ಮಾಮೂಲಾಗಿ ಇಂಥದ್ದಕ್ಕೆ ಎರಡೇ ದಿನದಲ್ಲಿ ದೂರು ಬರುತ್ತದೆ. ಆದರೆ ಮೂರು ತಿಂಗಳಾದರೂ ಆ ಕಟ್ಟಡದಿಂದ ಒಂದು ಫೋನೂ ಬರಲಿಲ್ಲ. ಯಾಕೆಂದರೆ ಅಲ್ಲಿಯವರಿಗೆ ಕಾರಣ ಸಿಕ್ಕಿತ್ತು. ಕಾರಣ ಸಿಕ್ಕ ಮೇಲೆ ದೂರು ಯಾರು ಕೊಡುತ್ತಾರೆ?

ಒಂಬತ್ತನೇ ಮಹಡಿಯಲ್ಲಿ ಹೈಸ್ಕೂಲಿನ ಗಣಿತದ ಟೀಚರ್ ಒಬ್ಬರೇ ಇದ್ದರು. ನಲವತ್ತರ ಆಸುಪಾಸಿನವರು, ದೊಡ್ಡ ಮೈಕಟ್ಟಿನವರು. ಬೆಳಿಗ್ಗೆ ಎಲ್ಲರೂ ಕೆಲಸಕ್ಕೆ ಹೊರಡುವ ಹೊತ್ತಿನಲ್ಲಿ ಅವರೂ ಲಿಫ್ಟಿನಲ್ಲಿರುತ್ತಿದ್ದರು. ಗಂಟೆ ಹೊಡೆದರೆ ಕೊನೆಗೆ ಬಂದವರು ಹೊರಗೆ ಹೋಗುವುದು ಲಿಫ್ಟಿನ ಕಾನೂನು. ಆದರೆ ಆ ಲಿಫ್ಟಿನಲ್ಲಿ ಕೊನೆಗೆ ಬಂದವರು ಅಲ್ಲಾಡುತ್ತಿರಲಿಲ್ಲ, ಎಲ್ಲರ ಕಣ್ಣೂ ಟೀಚರ್ ಕಡೆ ಹೋಗುತ್ತಿತ್ತು. ಅವರಿಲ್ಲದ ದಿನ ಗಂಟೆ ಹೊಡೆದರೂ, ‘ಅವರು ಹತ್ತಿ ಹತ್ತಿ ಲಿಫ್ಟೇ ಕೆಟ್ಟಿದೆ’ ಎಂದು ಮಾತಾಡಿಕೊಂಡರು. ಮನುಷ್ಯರ ಬುದ್ಧಿ ಎಷ್ಟು ದೂರ ಹೋಗುತ್ತದೆ ನೋಡಿ. ಟೀಚರ್ ಎರಡು ವಾರ ನೋಡಿ, ಆಮೇಲೆ ಲಿಫ್ಟು ಹತ್ತುವುದನ್ನೇ ಬಿಟ್ಟರು.

ಕಲ್ಲಣ್ಣನಿಗೆ ಇದು ಗೊತ್ತಾದದ್ದು ಒಂದು ಶನಿವಾರ ಮಧ್ಯಾಹ್ನ. ವಯರ್‌ಮನ್ ಜೊತೆ ಬಾಗಿಲಿಗೆ ಎಣ್ಣೆ ಬಿಡಲು ಬಂದಿದ್ದವನ ಹತ್ತಿರ ಟೀಚರ್ ಬಂದು ನಿಂತರು. ಕೈಯಲ್ಲಿ ಉತ್ತರಪತ್ರಿಕೆಗಳ ಕಟ್ಟು.

‘ಕಲ್ಲಣ್ಣೋರೇ, ನೀವು ಆಪರೇಷನ್ ಮಾಡಿಸ್ಕೊಂಡಿದೀರಿ ಅಂತ ವಾಚ್‌ಮನ್ ಹೇಳಿದ್ರು. ತಪ್ಪು ತಿಳ್ಕೋಬೇಡಿ, ಸ್ವಲ್ಪ ಕೇಳ್ಬೇಕಿತ್ತು. ನಂದೂ ಬರೋ ಗುರುವಾರಕ್ಕೆ ನಿಗದಿ ಆಗಿದೆ.’

ಕಲ್ಲಣ್ಣನಿಗೆ ಖುಷಿಯಾಯಿತು. ಈ ವಿಷಯ ಮಾತಾಡಲು ಅವನಿಗೆ ಜನ ಸಿಕ್ಕಿದ್ದೇ ಕಡಿಮೆ. ‘ಕೇಳಿ ಟೀಚರ್, ಏನು ಬೇಕಾದ್ರೂ ಕೇಳಿ. ಶುಗರ್ ಇದೆಯಾ ನಿಮಗೆ? ಮಂಡಿ ನೋವಾ?’

‘ಅವೆಲ್ಲ ಏನೂ ಇಲ್ಲ. ನೂರ ಮೂವತ್ತನಾಲ್ಕು ಕಿಲೋ ಇದೀನಿ, ಅಷ್ಟೇ. ಡಾಕ್ಟ್ರು ಕೂಡ ಅವಸರ ಇಲ್ಲ, ಯೋಚನೆ ಮಾಡಿ ಅಂದ್ರು. ನಾನೇ ಹಟ ಹಿಡಿದು ದಿನ ತಗೊಂಡೆ.’ ಟೀಚರ್ ಲಿಫ್ಟಿನ ಬಾಗಿಲನ್ನು ನೋಡಿ ನಕ್ಕರು, ಕಲ್ಲಣ್ಣನಿಗೆ ಬಹಳ ಪರಿಚಯದ ನಗು ಅದು. ‘ಈ ಲಿಫ್ಟಿಗೇ ನಾನು ಬೇಡ ಆದೆ. ಇಷ್ಟು ವರ್ಷ ಹೊತ್ತುಕೊಂಡು ಹೋಗ್ತಿತ್ತು, ಈಗ ನನ್ನ ಜೊತೆ ಆರೇ ಜನ ಇದ್ರೂ ಗಂಟೆ ಹೊಡೆಯುತ್ತೆ. ಅಷ್ಟು ಜಾಸ್ತಿ ಆಗಿದೀನಿ. ಎರಡೂವರೆ ತಿಂಗಳಿಂದ ನನಗೆ ಮೆಟ್ಟಿಲೇ.’

‘ಆರು ಜನಾನಾ? ಯಾವಾಗಿಂದ?’

‘ನೀವು ಹಗ್ಗ ಬದಲಾಯಿಸಿದ್ರಲ್ಲ, ಆಮೇಲಿಂದ.’

ಕಲ್ಲಣ್ಣ ಎಣ್ಣೆಯ ಡಬ್ಬಿ ಕೆಳಗಿಟ್ಟ. ಐದು ನಿಮಿಷ ಎಂದು ಹೇಳಿ, ವಯರ್‌ಮನ್‌ನನ್ನು ಯಂತ್ರದ ಕೋಣೆಗೆ ಕಳಿಸಿ, ತಾನೊಬ್ಬನೇ ಲಿಫ್ಟಿನೊಳಗೆ ನಿಂತ. ಹಿಂದಿನ ದಿನವಷ್ಟೇ ಆಸ್ಪತ್ರೆಯ ತಕ್ಕಡಿಯಲ್ಲಿ ಅವನು ತೊಂಬತ್ತೆರಡು ತೂಗಿದ್ದ. ‘ಎಷ್ಟು ತೋರಿಸ್ತಿದೆ?’ ಎಂದು ಫೋನಿನಲ್ಲಿ ಕೇಳಿದ. ‘ನೂರ ಮೂವತ್ತಮೂರು,’ ಎಂದ ವಯರ್‌ಮನ್. ‘ಏನಯ್ಯಾ, ಮತ್ತೆ ಊಟ ಶುರು ಮಾಡಿದ್ಯಾ?’ ‘ನಿನ್ನೆ ತೂಗಿದಾಗ ತೊಂಬತ್ತೆರಡು,’ ಎಂದ ಕಲ್ಲಣ್ಣ. ಆಗ ವಯರ್‌ಮನ್‌ನ ದನಿ ಇಳಿಯಿತು. ‘ಅಯ್ಯೋ ದೇವ್ರೇ. ನಾನೇ ಒತ್ತಿದ್ದಲ್ವಾ ಅದನ್ನ,’ ಎಂದ.

ಹೊರಗೆ ಬಂದರೆ ಟೀಚರ್ ಇರಲಿಲ್ಲ. ಈಗೊಂದು ಸುಲಭದ ದಾರಿ ಇತ್ತು. ಲೆಕ್ಕವನ್ನು ಸದ್ದಿಲ್ಲದೆ ಸರಿ ಮಾಡಿ, ಏನೋ ಸಣ್ಣ ರಿಪೇರಿ ಎಂದು ಬರೆದುಕೊಟ್ಟು ಹೋದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇಪ್ಪತ್ತಾರು ವರ್ಷದ ಹೆಸರು ಹಾಗೇ ಉಳಿಯುತ್ತಿತ್ತು. ವಯರ್‌ಮನ್ ಅದನ್ನೇ ಹೇಳಿದ. ಆದರೆ ಒಬ್ಬ ಹೆಂಗಸು ಗುರುವಾರ ಆಪರೇಷನ್ ಟೇಬಲ್ಲಿನ ಮೇಲೆ ಮಲಗಲಿದ್ದರು, ಇವನು ಕಲಿಸಿದ ಸುಳ್ಳು ಲೆಕ್ಕವನ್ನು ನಂಬಿ. ಆ ಟೇಬಲ್ಲಿನ ಮೇಲೆ ಮಲಗಿ ಎದ್ದವನಿಗೆ ಅದು ಆಟದ ಮಾತಲ್ಲ ಎಂದು ಗೊತ್ತು. ಕಲ್ಲಣ್ಣ ಒಂಬತ್ತನೇ ಮಹಡಿಗೆ ಹೋಗಿ ಬಾಗಿಲು ತಟ್ಟಿದ.

ನಡೆದದ್ದನ್ನೆಲ್ಲ ಹೇಳಿದ. ಟೀಚರ್ ನಿಂತೇ ಕೇಳಿದರು. ಕೊನೆಗೆ ಮೇಜಿನ ಮೇಲಿದ್ದ ಹಾಳೆಯೊಂದನ್ನು ಎಳೆದುಕೊಂಡು, ‘ನಿಮ್ಮ ಆವತ್ತಿನ ತೂಕ ಎಷ್ಟು? ಒತ್ತಿದ್ದೆಷ್ಟು?’ ಎಂದು ಕೇಳಿ, ಕೆಂಪು ಪೆನ್ನಿನಲ್ಲಿ ಲೆಕ್ಕ ಹಾಕಿದರು. ಅಂಕಿಗಳು ನೆಟ್ಟಗಿದ್ದವು.

‘ಅಂದ್ರೆ ಎಲ್ಲರನ್ನೂ ಹೆಚ್ಚು ಕಡಿಮೆ ಒಂದೂವರೆ ಪಟ್ಟು ಮಾಡಿದೆ. ಒಬ್ಬೊಬ್ಬರನ್ನೂ.’

‘ಹೌದು ಟೀಚರ್.’

‘ಆದ್ರೆ ಅವರೆಲ್ಲ ನೋಡಿದ್ದು ನನ್ನೊಬ್ಬಳನ್ನೇ.’ ಪೆನ್ನು ಕೆಳಗಿಟ್ಟರು. ‘ನಾನೂ ನನ್ನನ್ನೇ ನೋಡ್ಕೊಂಡೆ. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಹೇಳ್ಕೊಡ್ತೀನಿ, ಉತ್ತರ ನಂಬೋ ಮುಂಚೆ ಲೆಕ್ಕ ತಾಳೆ ನೋಡಿ ಅಂತ. ಒಂದು ಸಲ ಜನ ಎಣಿಸಿ, ಕೂಡಿ ನೋಡಿದ್ರೆ ಗೊತ್ತಾಗ್ತಿತ್ತು. ನೋಡ್ಲಿಲ್ಲ. ಯಾಕಂದ್ರೆ ಉತ್ತರ ಏನು ಅಂತ ನನಗೂ ಮೊದಲೇ ಗೊತ್ತಿತ್ತು.’

ಅವರಿಗೆ ಸಿಟ್ಟು ಬಂತು, ಅಳುವೂ ಬಂತು, ಎರಡನ್ನೂ ತಡೆಯಲಿಲ್ಲ. ಬೈದರು. ಕಲ್ಲಣ್ಣ ತಲೆ ತಗ್ಗಿಸಿ ಬೈಸಿಕೊಂಡ. ಬೇರೆ ಯಾರಾದರೂ ಮಾಡಿದ್ದರೆ ಕ್ಷಮಿಸಬಹುದಿತ್ತು, ಆ ಗಂಟೆಯ ಸದ್ದು ಎಲ್ಲಿ ಚುಚ್ಚುತ್ತದೆ ಎಂದು ತಿಳಿದವನೇ ಮಾಡಿದ್ದಾನೆ ಎಂಬುದು ಅವನಿಗೇ ಸಹಿಸಲು ಆಗುತ್ತಿರಲಿಲ್ಲ. ಕಣ್ಣೊರೆಸಿಕೊಂಡ ಮೇಲೆ ಟೀಚರ್, ‘ನನಗೊಬ್ಬಳಿಗೆ ಹೇಳಿದ್ರೆ ಆಗಲ್ಲ,’ ಎಂದರು. ‘ಗೊತ್ತು ಟೀಚರ್. ನಾಳೆ ಭಾನುವಾರ, ಎಲ್ಲರೂ ಇರ್ತಾರೆ,’ ಎಂದ ಕಲ್ಲಣ್ಣ.

ಕಟ್ಟಡದ ಸೆಕ್ರೆಟರಿ ನೋಟೀಸ್ ಬೋರ್ಡಿನಲ್ಲಿ ‘ತಾಂತ್ರಿಕ ದೋಷ ಸರಿಪಡಿಸಲಾಗಿದೆ’ ಎಂದು ಒಂದು ಸಾಲು ಹಾಕಿದರೆ ಸಾಕು ಎಂದರು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಇಂಥವರದು ಪಳಗಿದ ಕೈ. ಕಲ್ಲಣ್ಣ ಒಪ್ಪಲಿಲ್ಲ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ವ್ಯಾನು ಬಂತು. ಹನ್ನೆರಡು ವರ್ಷದ ಮೇಲೆ ಕಬ್ಬಿಣದ ಕಲ್ಲುಗಳು ಗೋಡೌನು ಬಿಟ್ಟು ಹೊರಬಂದಿದ್ದವು. ಕಲ್ಲಣ್ಣನೂ ವಯರ್‌ಮನ್ನೂ ಒಂದೊಂದಾಗಿ ಹೊತ್ತು ಒಳಗಿಟ್ಟು, ಲಿಫ್ಟಿಗೆ ಪಾಠವನ್ನು ಮೊದಲಿನಿಂದ ಹೇಳಿಕೊಟ್ಟರು. ಏನು ನಡೆಯುತ್ತಿದೆ ಎಂದು ನೋಡಲು ಮಹಡಿ ಮಹಡಿಯಿಂದ ಜನ ಇಳಿದು ಬಂದರು. ಟೀಚರ್ ಮೆಟ್ಟಿಲ ಹತ್ತಿರ ಕೈಕಟ್ಟಿ ನಿಂತಿದ್ದರು.

ಹತ್ತು ಜನರ ತೂಕಕ್ಕೆ, ಎಂದರೆ ಆರುನೂರ ಎಂಬತ್ತು ಕಿಲೋಗೆ, ಮೂವತ್ತನಾಲ್ಕು ಕಲ್ಲು ಇಟ್ಟರೂ ಲಿಫ್ಟು ಸುಮ್ಮನಿತ್ತು. ಮೂವತ್ತೈದನೆಯದಕ್ಕೆ ಗಂಟೆ ಹೊಡೆಯಿತು. ಕಲ್ಲಣ್ಣ ಬೆವರು ಒರೆಸಿಕೊಂಡು ಜನರ ಕಡೆ ತಿರುಗಿದ.

‘ಇದು ಇರಬೇಕಾದ ಲೆಕ್ಕ. ಮೂರು ತಿಂಗಳಿಂದ ಇದು ತಪ್ಪು ಹೇಳ್ತಿತ್ತು, ತಪ್ಪು ನಂದು. ನಾನು ಕಲ್ಲಿನ ಬದಲು ನಾನೇ ನಿಂತೆ. ನನ್ನ ತೂಕ ಇಳಿದಿತ್ತು, ನಾನು ಹಳೇ ತೂಕ ಹೇಳಿದೆ. ನಿಮ್ಮಲ್ಲಿ ಯಾರೂ ದಪ್ಪ ಆಗಿರ್ಲಿಲ್ಲ, ಲಿಫ್ಟೂ ಕೆಟ್ಟಿರ್ಲಿಲ್ಲ. ಯಾರನ್ನ ನೋಡಿ ನೀವು ಗಂಟೆ ಹೊಡೀತು ಅಂದ್ಕೊಂಡ್ರೋ, ಅವರಿಗೂ ಅದಕ್ಕೂ ಸಂಬಂಧ ಇರ್ಲಿಲ್ಲ.’

ಕೆಲವರು ಲಿಫ್ಟಿನ ಗುಂಡಿಗಳನ್ನು ಜೀವಮಾನದಲ್ಲಿ ನೋಡಿಲ್ಲದವರ ಹಾಗೆ ನೋಡಿದರು. ಕಲ್ಲುಗಳನ್ನು ಹೊರಗೆ ತೆಗೆದ ಮೇಲೆ ಏಳನೇ ಮಹಡಿಯ ಗಂಡಸು ಬಾಗಿಲು ಹಿಡಿದು ನಿಂತು, ‘ಬನ್ನಿ ಟೀಚರ್, ನೀವು ಮೊದಲು,’ ಎಂದ. ‘ನೀವೆಲ್ಲ ಹೋಗಿ. ನಾನು ಬರ್ತೀನಿ,’ ಎಂದು ಟೀಚರ್ ಮೆಟ್ಟಿಲ ಕಡೆ ತಿರುಗಿದರು. ಕಲ್ಲಣ್ಣ ಅವರ ಹಿಂದೆ ಹೋದ. ಗುರುವಾರದ ಮಾತು ಇನ್ನೂ ಹಾಗೇ ಉಳಿದಿತ್ತು.

ಮೊದಲ ಮಹಡಿ ದಾಟಿದ ಮೇಲೆ ಟೀಚರ್ ಕೇಳಿದರು. ‘ನಿಜ ಹೇಳಿ. ನೀವು ಮಾಡಿಸ್ಕೊಂಡಿದ್ದಕ್ಕೆ ಬೇಜಾರಿದೆಯಾ?’

‘ಒಂದು ದಿನಾನೂ ಇಲ್ಲ. ನನಗೆ ಉಸಿರು ವಾಪಸ್ ಬಂತು, ಕೆಲಸ ವಾಪಸ್ ಬಂತು.’

‘ಹಾಗಾದ್ರೆ ನಾನು?’

‘ಮಂಡಿಗೋಸ್ಕರ ಆದ್ರೆ ಹೋಗಿ, ಟೀಚರ್. ಶುಗರ್‌ಗೋಸ್ಕರ, ಉಸಿರಿಗೋಸ್ಕರ ಆದ್ರೆ ಹೋಗಿ. ನಿಮಗೇ ಬೇಕು ಅನ್ಸಿದ್ರೂ ಹೋಗಿ. ಗಂಟೆಗೋಸ್ಕರ ಮಾತ್ರ ಹೋಗ್ಬೇಡಿ.’

ಟೀಚರ್ ನಾಲ್ಕನೇ ಮಹಡಿಯನ್ನೂ ನಿಲ್ಲದೆ ದಾಟಿದರು. ಐದರ ಹತ್ತಿರ ಕಲ್ಲಣ್ಣನ ಉಸಿರು ಕಟ್ಟತೊಡಗಿತು. ಬದುಕಿಡೀ ಲಿಫ್ಟಿನ ಜೊತೆ ಇದ್ದವನಿಗೆ ಮೆಟ್ಟಿಲು ಎಂದರೆ ಅಷ್ಟಕ್ಕಷ್ಟೇ. ಆರನೇ ಮಹಡಿಯ ತಿರುವಿನಲ್ಲಿ ಕಂಬಿ ಹಿಡಿದು ಕೂತುಬಿಟ್ಟ. ಟೀಚರ್ ಎರಡು ಮೆಟ್ಟಿಲು ಮೇಲೆ ನಿಂತು ತಿರುಗಿದರು. ಅವರ ಹಣೆಯಲ್ಲಿ ಬೆವರಿತ್ತು, ಉಸಿರು ಮಾತ್ರ ಹದವಾಗಿತ್ತು.

‘ಮೊದಲ ವಾರ ನಾನೂ ಇಲ್ಲೇ ಕೂರ್ತಿದ್ದೆ,’ ಎಂದರು. ‘ಮೂರು ಸಲ ಕೂತು ಹೋಗ್ತಿದ್ದೆ. ಆಮೇಲೆ ಎರಡು. ಈಗ ಒಂದು ತಿಂಗಳಿಂದ ಕೂತಿಲ್ಲ. ಅವಮಾನದಲ್ಲಿ ಹತ್ತುತ್ತಿದ್ನಲ್ಲ, ನನಗದು ಗಮನಕ್ಕೇ ಬಂದಿರ್ಲಿಲ್ಲ.’ ಕಂಬಿಯ ಮೇಲೆ ಕೈಯಿಟ್ಟು, ‘ಗುರುವಾರ ನಾನು ಹೋಗಲ್ಲ. ಮುಂದೆ ಹೋಗ್ತೀನೋ ಏನೋ, ಅದನ್ನ ನಾನೇ ಯೋಚನೆ ಮಾಡಿ ಹೇಳ್ತೀನಿ. ನೀವು ಸುಧಾರಿಸ್ಕೊಂಡು ಬನ್ನಿ,’ ಎಂದು ಮೇಲೆ ಹೊರಟರು.

ಕಲ್ಲಣ್ಣ ಗೋಡೆಗೆ ಒರಗಿ ಕೂತು ಅವರ ಹೆಜ್ಜೆಯ ಸದ್ದು ಕೇಳಿದ. ಭಾರ ಎತ್ತುವುದು ಅವನ ಕಸುಬು. ಯಾವ ಲಿಫ್ಟೂ ತನ್ನ ಭಾರವನ್ನು ಒಂಟಿಯಾಗಿ ಎತ್ತುವುದಿಲ್ಲ ಎಂದು ಅವನಿಗೆ ಗೊತ್ತು. ಪೆಟ್ಟಿಗೆ ಮೇಲೇರಬೇಕಾದರೆ ಬಾವಿಯ ಇನ್ನೊಂದು ಬದಿಯಲ್ಲಿ ಹೆಚ್ಚುಕಡಿಮೆ ಅಷ್ಟೇ ತೂಕದ ಕಬ್ಬಿಣ ಕೆಳಗಿಳಿಯುತ್ತಿರಬೇಕು. ಆಗಲೇ ಮೋಟರಿಗೆ ಸುಲಭ. ಈ ಹೆಂಗಸಿಗೆ ಆ ಕಡೆಯಿಂದ ಇಳಿಯುವುದು ಏನೂ ಇರಲಿಲ್ಲ. ತೊಂಬತ್ತೆರಡು ಕಿಲೋದ ತಾನು ಆರನೇ ಮಹಡಿಗೇ ಕೂತಿದ್ದ. ನೂರ ಮೂವತ್ತನಾಲ್ಕು ಕಿಲೋವನ್ನು ಅವರು ದಿನಾ, ಉತ್ತರಪತ್ರಿಕೆಗಳ ಕಟ್ಟಿನ ಸಮೇತ, ಒಬ್ಬರೇ ಒಂಬತ್ತನೇ ಮಹಡಿಗೆ ಎತ್ತಿಕೊಂಡು ಹೋಗಿದ್ದರು, ಎರಡೂವರೆ ತಿಂಗಳು. ಇಪ್ಪತ್ತಾರು ವರ್ಷದಲ್ಲಿ ಅಂಥ ಯಂತ್ರವನ್ನು ಅವನು ನೋಡಿರಲಿಲ್ಲ. ಹೆಜ್ಜೆಗಳು ಏಳು ದಾಟಿದವು, ಎಂಟು ದಾಟಿದವು, ಎಲ್ಲೂ ನಿಲ್ಲಲಿಲ್ಲ. ಮೇಲೆ ಬೀಗ ತೆಗೆದ ಸದ್ದು ಕೇಳಿದ ಮೇಲೆ ಕಲ್ಲಣ್ಣ ಕಂಬಿ ಹಿಡಿದು ಎದ್ದು, ಏಳನೇ ಮಹಡಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟ.